ಗುಸ್ತಾರ್‌ಗೆ ಜೊಯಿಡಾದ ಒಳದಾರಿ

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡಿಗರಿಗೆ ಸಾಮಾನ್ಯವಾಗಿ ಸಿಗುವುದು ಇಂಗ್ಲಿಷ್ ಮೂಲಕ ಕಲಿಸುವ ಪುಸ್ತಕ, ಇಲ್ಲವೇ ಆ್ಯಪ್. ಎಡಕ್ಕೆ ಇಂಗ್ಲಿಷ್ ಕ್ರಿಯಾಪದ, ಬಲಕ್ಕೆ ಸ್ಪ್ಯಾನಿಷ್. ‘ಲೈಕ್’ ಅಂದರೆ ‘ಗುಸ್ತಾರ್’. ಅರ್ಥವೇನೋ ಸರಿ, ಅದನ್ನು ನಂಬಿ ವಾಕ್ಯ ಕಟ್ಟಿದರೆ ಮಾತ್ರ ಕೆಟ್ಟಿತು. ‘ಐ ಲೈಕ್’ ಎಂಬ ಅಚ್ಚಿನಲ್ಲೇ ‘ಯೊ ಗುಸ್ತೊ’ ಎಂದವನು ತನ್ನ ಇಷ್ಟ ಹೇಳಲು ಹೋಗಿ, ತಾನೇ ಯಾರಿಗೋ ಇಷ್ಟವಾಗುತ್ತೇನೆ ಎಂದುಬಿಟ್ಟಿರುತ್ತಾನೆ.

ಈ ಪದ್ಧತಿ ಎಷ್ಟು ಸುತ್ತುಬಳಸಿನದು ಎಂಬುದು ಜೊಯಿಡಾದಲ್ಲಿ ಚೆನ್ನಾಗಿ ಕಾಣುತ್ತದೆ. ಗೋವೆಯ ಗಡಿಗೆ ತಾಗಿದ ತಾಲೂಕು. ಅಲ್ಲಿನ ಕುಣಬಿ ಸಮುದಾಯದ ಮನೆಮಾತು ಕೊಂಕಣಿ, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್. ಮಾವಿನಹಣ್ಣು ಇಷ್ಟ ಎನ್ನಲು ಸ್ಪ್ಯಾನಿಷ್‌ನವರು ‘ಮೆ ಗುಸ್ತಾ ಎಲ್ ಮಾಂಗೊ’ ಎನ್ನುತ್ತಾರೆ. ಹಣ್ಣು ಹಲವಾದರೆ ‘ಮೆ ಗುಸ್ತಾನ್ ಲೊಸ್ ಮಾಂಗೊಸ್’. ಕ್ರಿಯಾಪದ ನಡೆಯುವುದು ತಿನ್ನುವವನ ಹಿಂದಲ್ಲ, ಹಣ್ಣಿನ ಹಿಂದೆ. ಕನ್ನಡದ ‘ನನಗೆ ಇಷ್ಟ’ದಲ್ಲಿ ಹಣ್ಣಿನ ಹಿಂದೆ ನಡೆಯುವ ಕ್ರಿಯಾಪದವಿಲ್ಲ, ಹಾಗಾಗಿ ಅದು ಅರ್ಧ ದಾರಿ ತಲುಪಿಸುತ್ತದೆ. ಕೊಂಕಣಿಯದು ಪೂರ್ತಿ ದಾರಿ: ‘ಮ್ಹಾಕಾ ಆಂಬೊ ಆವಡ್ತಾ’, ‘ಮ್ಹಾಕಾ ಆಂಬೆ ಆವಡ್ತಾತ್’. ಮನೆಯಲ್ಲಿ ಇದನ್ನೇ ಆಡುವ ಹುಡುಗಿಗೆ ‘ಲೈಕ್’ ಎಂಬ ದಲ್ಲಾಳಿ ಯಾಕೆ ಬೇಕು? ತಮಾಷೆಯೆಂದರೆ, ಶತಮಾನಗಳ ಕಾಲ ಪಕ್ಕದ ಗೋವೆಯನ್ನಾಳಿದ ಪೋರ್ಚುಗೀಸರ ಭಾಷೆಗೆ ಈ ಗುಣವಿಲ್ಲ. ಅಲ್ಲಿ ಇಂಗ್ಲಿಷಿನಂತೆ ‘ನಾನು’ ಎಂಬುದೇ ಕರ್ತೃ.

ಒಂದು ಭಾಷೆಯನ್ನು ಇನ್ನೊಂದರ ಅಚ್ಚಿಗೆ ತುರುಕುವುದು ಹೊಸ ರೋಗವೇನಲ್ಲ. 1640ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ಪಾದ್ರಿ ಥಾಮಸ್ ಸ್ಟೀಫನ್ಸರ ಕೊಂಕಣಿ ವ್ಯಾಕರಣವೂ ಲ್ಯಾಟಿನ್ ವ್ಯಾಕರಣದ ಚೌಕಟ್ಟಿನಲ್ಲೇ ಹೊರಟಿತ್ತು. ಆದರೆ ಅದು ಮೊದಮೊದಲ ಯತ್ನ, ಆ ವಿನಾಯಿತಿ ಇಂದಿನ ಆ್ಯಪ್‌ಗಳಿಗೆ ಸಲ್ಲದು.

‘ಲೈಕ್’ನಂತೆಯೇ ಇಂಗ್ಲಿಷಿನ ‘ನೋ’ (know) ಎಂಬ ಕ್ರಿಯಾಪದವೂ ದಾರಿ ತಪ್ಪಿಸುತ್ತದೆ. ಇಂಗ್ಲಿಷಿಗೆ ಒಂದೇ ಮಾತು ಸಾಕು, ಸ್ಪ್ಯಾನಿಷ್‌ಗೆ ಎರಡು ಬೇಕು: ಸುದ್ದಿಗೆ, ವಿದ್ಯೆಗೆ ‘ಸಾಬೆರ್’, ಊರಿಗೆ, ಮನುಷ್ಯರಿಗೆ ‘ಕೊನೊಸೆರ್’. ಸುದ್ದಿ ‘ಗೊತ್ತು’, ಆಳಿನ ‘ಪರಿಚಯವಿದೆ’, ಈಜು ‘ಬರುತ್ತದೆ’ ಎಂದು ಬೇರ್ಪಡಿಸಿಯೂ ಆಡಬಲ್ಲ ಕನ್ನಡಿಗರಿಗೆ ಈ ಭೇದ ತಿಳಿಯುವುದು ಕಷ್ಟವಲ್ಲ.

ಹಾಗೆಂದು ಮನೆಮಾತು ಎಲ್ಲ ಕಡೆ ಕೈಹಿಡಿಯುವುದಿಲ್ಲ. ‘ಅವರು ಮೇಷ್ಟ್ರು’ ಎನ್ನಲು ಕನ್ನಡಕ್ಕಾಗಲಿ ಕೊಂಕಣಿಗಾಗಲಿ ಕ್ರಿಯಾಪದ ಬೇಡ. ಸ್ಪ್ಯಾನಿಷ್‌ಗೆ ‘ಎಸ್’ ಬೇಕೇ ಬೇಕು. ಇಲ್ಲಿ ಇಂಗ್ಲಿಷಿನ ‘ಈಸ್’ ನೆರವಿಗೆ ಬರುತ್ತದೆ. ಅದೇ ಮೇಷ್ಟ್ರು ಮನೆಯಲ್ಲಿದ್ದಾರೆ ಎನ್ನುವಾಗ ಸ್ಪ್ಯಾನಿಷ್ ‘ಎಸ್ತಾ’ ಕೇಳುತ್ತದೆ, ಇಂಗ್ಲಿಷ್ ಮತ್ತೆ ‘ಈಸ್’ ಎಂದೇ ದಾರಿ ತಪ್ಪಿಸುತ್ತದೆ. ಅಲ್ಲಿ ಕನ್ನಡದ ‘ಇದ್ದಾರೆ’, ಕೊಂಕಣಿಯ ‘ಆಸಾತ್’ ಹಿಡಿದು ಹೊರಟವರೇ ವಾಸಿ.