ರುದ್ರಾಂಬೆಯ ಪರಿಪಾಕ

ಕುವೆಂಪು ಅವರ ‘ರಕ್ತಾಕ್ಷಿ’ (1932) ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ದುರಂತವನ್ನು ಬಿದನೂರಿನ ಅರಮನೆಗೆ ತಂದ ನಾಟಕ. ಕೆಳದಿಯ ವೀರಶೈವ ಅರಸರ ಕೊನೆಯ ರಾಜಧಾನಿಯಾದ ಆ ನಗರ 1763ರಲ್ಲಿ ಹೈದರಾಲಿಯ ವಶವಾಯಿತು. ನಾಟಕದ ನಾಯಕನು ಬಸವಯ್ಯನಾದರೂ, ಅದಕ್ಕೆ ಹೆಸರು ದೊರೆತುದು ಅವನನ್ನೊಲಿದ ರುದ್ರಾಂಬೆಯಿಂದ. ಕವಿಯ ಆಶಯ ಇದರಲ್ಲಿಯೇ ವ್ಯಕ್ತವಾಗಿದೆ.

ಮೂಲದ ಒಫೀಲಿಯಾ ತಂದೆಯ ಮಾತನ್ನು ಮೀರಲಾರದ ಮುಗ್ಧೆ. ತಂದೆಯು ಹತನಾದ ಮೇಲೆ ಮತಿಗೆಟ್ಟು ನೀರಿನ ಪಾಲಾಗುತ್ತಾಳೆ. ರುದ್ರಾಂಬೆಯೂ ಮೊದಲಿಗೆ ಅಂತಹ ಮುಗ್ಧೆಯೇ. ಶೋಕವು ಅವಳ ಬುದ್ಧಿಯನ್ನೂ ಕದಡುತ್ತದೆ. ಆದರೆ ಅದು ಅವಳನ್ನು ಮುಳುಗಿಸುವುದಿಲ್ಲ, ಉರಿಸುತ್ತದೆ. ಒಲವನ್ನಷ್ಟೇ ಅರಿತಿದ್ದವಳು ಅಧಿಕಾರದ ಕಪಟವನ್ನೂ ಅರಿಯುತ್ತಾಳೆ. ರಕ್ತಾಕ್ಷಿಯಾಗಿ ನಿಂಬಯ್ಯನ ಮೇಲೆ ಸೇಡಿಗೆ ನಿಲ್ಲುತ್ತಾಳೆ.

ನಮ್ಮ ಆಲಂಕಾರಿಕರು ನಾಯಿಕೆಯರನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ವಿಂಗಡಿಸಿದುದು ಪ್ರಣಯದ ಅನುಭವವನ್ನು ಅನುಸರಿಸಿ. ಇಲ್ಲಿ ನಾಯಿಕೆಯನ್ನು ಬೆಳೆಸಿದುದು ದುಃಖ. ಆದರೆ ಈ ಬೆಳವಣಿಗೆಯನ್ನು ಪರಿಪಾಕವೆನ್ನಬಹುದೆ? ಕೋಪದ ಕೇಡನ್ನು ಕುರಿತು ಬಸವಣ್ಣನವರು ನೀಡಿದ ಎಚ್ಚರಿಕೆಯನ್ನು ಬಲ್ಲ ಓದುಗನು ಇಲ್ಲಿ ಕ್ಷಣಕಾಲ ತಡೆದು ನಿಲ್ಲುವುದು ಸಹಜ. ಅನ್ಯಾಯವನ್ನು ಗುರುತಿಸುವ ಕಣ್ಣೂ ಅದನ್ನು ಎದುರಿಸುವ ಕೆಚ್ಚೂ ರುದ್ರಾಂಬೆಗೆ ಬಂದುವು, ನಿಜ. ಚಿತ್ತಶಾಂತಿ ಮಾತ್ರ ಬರಲಿಲ್ಲ. ಬಿದನೂರಿನ ಆ ಕಲುಷಿತ ಅರಮನೆಯಲ್ಲಿ ಎಳೆಯ ಜೀವವೊಂದಕ್ಕೆ ಸೇಡಿನ ಹೊರತು ಬೆಳೆಯಲು ಬೇರೆ ದಾರಿಯೇ ಉಳಿದಿರಲಿಲ್ಲ. ಬಸವಯ್ಯನ ದುರಂತಕ್ಕಿಂತ ಇದು ಕಿರಿದಾದುದಲ್ಲ.