ಎಲ್ಲ ರೋಗಕ್ಕೂ ದೊಡ್ಡ ಕರುಳೇ ಮೂಲವೇ?

‘ಕರುಳು ಶುದ್ಧವಾಗಿದ್ದರೆ ಯಾವ ರೋಗವೂ ಬಾರದು’ ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಗೋಡೆಗೆ ಅಂಟಿಸಿದ ಕಾಗದಗಳಲ್ಲಿ, ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರಗಳಲ್ಲಿ, ಮೊಬೈಲಿಗೆ ಬರುವ ವಿಡಿಯೋಗಳಲ್ಲಿ ವಾದ ಒಂದೇ. ನಮ್ಮ ದೊಡ್ಡ ಕರುಳಿನ ಗೋಡೆಗೆ ವರ್ಷಗಟ್ಟಲೆಯ ಮಲ ಅಂಟಿಕೊಂಡು ಕೊಳೆಯುತ್ತಿದೆ. ಅಲ್ಲಿಂದ ವಿಷ ರಕ್ತಕ್ಕೆ ಇಳಿಯುತ್ತಿದೆ. ಮಂಡಿನೋವು, ಉಬ್ಬಸ, ತಲೆನೋವು, ಚರ್ಮದ ಕಜ್ಜಿ, ಸಕ್ಕರೆ ಕಾಯಿಲೆ, ಮರೆವು ಎಲ್ಲವೂ ಇದರ ಫಲ. ಆದ್ದರಿಂದ ಕರುಳನ್ನು ತೊಳೆಸಿಕೊಳ್ಳಿ, ಇಲ್ಲವೇ ಈ ಪುಡಿಯನ್ನು ನಲವತ್ತು ದಿನ ಸೇವಿಸಿ.

ಈ ವಾದ ಜನರಿಗೆ ಸುಲಭವಾಗಿ ಒಪ್ಪಿಗೆಯಾಗಲು ಕಾರಣವಿದೆ. ನಮ್ಮ ಮನೆಗಳಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸುತ್ತಿದ್ದರು. ಆಯುರ್ವೇದದಲ್ಲಿ ಬಸ್ತಿ ಇದೆ, ಪ್ರಕೃತಿ ಚಿಕಿತ್ಸೆಯಲ್ಲಿ ಎನಿಮಾ ಇದೆ. ಮಲಬದ್ಧತೆಯಿಂದ ಒದ್ದಾಡುವವನಿಗೆ ಹೊಟ್ಟೆ ಖಾಲಿಯಾದರೆ ಹಾಯೆನಿಸುವುದು ನಿಜ. ಅದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಹೊಟ್ಟೆ ಹಗುರಾಗುವುದು ಬೇರೆ, ಮಂಡಿನೋವಿಗೂ ಉಬ್ಬಸಕ್ಕೂ ಕರುಳೇ ಕಾರಣವೆನ್ನುವುದು ಬೇರೆ. ಮೊದಲನೆಯದರ ಅನುಭವವನ್ನು ಎರಡನೆಯದಕ್ಕೆ ಪುರಾವೆಯಾಗಿ ಬಳಸುವುದೇ ಈ ಪ್ರಚಾರದ ಮುಖ್ಯ ಚಮತ್ಕಾರ.

ಇದು ಹೊಸ ಸಿದ್ಧಾಂತವೇನಲ್ಲ. 19ನೆಯ ಶತಮಾನದ ಕೊನೆಯಲ್ಲಿ ಇದು ವೈದ್ಯಲೋಕದ ಗೌರವಾನ್ವಿತ ಮತವಾಗಿತ್ತು. ಫ್ರಾನ್ಸಿನ ಶಾರ್ಲ್ ಬೂಶಾರ್ ಇದಕ್ಕೆ ‘ಸ್ವಯಂವಿಷ’ ಎಂಬ ಅರ್ಥದ ಹೆಸರನ್ನು ಪ್ರಚಾರಕ್ಕೆ ತಂದರು. ಸೂಕ್ಷ್ಮಜೀವಿಗಳು ರೋಗ ತರುತ್ತವೆಂದು ಆಗತಾನೇ ಗೊತ್ತಾಗಿತ್ತು. ಕರುಳಿನಲ್ಲಿ ಅವು ಕೋಟಿಗಟ್ಟಲೆ ಇವೆಯೆಂದೂ ತಿಳಿದಿತ್ತು. ಎರಡನ್ನೂ ಕೂಡಿಸಿದರೆ ಊಹೆ ತಾನಾಗಿ ಹುಟ್ಟುತ್ತದೆ. 1908ರ ನೊಬೆಲ್ ಪುರಸ್ಕೃತ ಮೆಚ್ನಿಕಾಫ್ ಅವರಂಥ ದೊಡ್ಡ ವಿಜ್ಞಾನಿಯೇ ಮುಪ್ಪಿಗೆ ದೊಡ್ಡ ಕರುಳಿನ ಕೊಳೆತ ಕಾರಣವೆಂದು ನಂಬಿ, ಮೊಸರು ತಿನ್ನಲು ಸಲಹೆ ಮಾಡಿದರು. (ಮೊಸರನ್ನ ಉಣ್ಣುವವರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.) ಆದರೆ ಎಲ್ಲರೂ ಮೊಸರಿಗೇ ನಿಲ್ಲಲಿಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದರು. ಅಮೆರಿಕದ ಟ್ರೆಂಟನ್ ನಗರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್, ಹುಚ್ಚಿಗೂ ಕಾರಣ ದೇಹದಲ್ಲಿ ಅಡಗಿದ ಕೊಳೆತವೇ ಎಂದುಕೊಂಡು ರೋಗಿಗಳ ಹಲ್ಲು ಕಿತ್ತರು, ಕರುಳು ಕತ್ತರಿಸಿದರು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಗುಣವಾದರೆಂದು ಅವರು ಸಾರುತ್ತಿದ್ದರು. ಕರುಳಿನ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಸುಮಾರು ನೂರಕ್ಕೆ ಮೂವತ್ತು ಮಂದಿ ಸತ್ತರೆಂದು ಅವರೇ ಒಪ್ಪಿಕೊಂಡಿದ್ದರು. ‘ಸಾವಿರಾರು ಜನಕ್ಕೆ ಗುಣವಾಗಿದೆ’ ಎಂಬ ವಾಕ್ಯವನ್ನು ಕರಪತ್ರದಲ್ಲಿ ಓದಿದಾಗ ಈ ಎರಡು ಅಂಕಿಗಳನ್ನು ನೆನೆಯಬೇಕು.

ಈ ಮತ ಬಿದ್ದುಹೋದದ್ದು ಯಾವುದೋ ದುಬಾರಿ ಉಪಕರಣದಿಂದಲ್ಲ, ಗಡಿಯಾರ ನೋಡಿ ಮಾಡಿದ ಒಂದು ಸರಳ ತರ್ಕದಿಂದ. ಅಮೆರಿಕದ ವೈದ್ಯ ವಾಲ್ಟರ್ ಆಲ್ವರೆಜ್ 1919ರಲ್ಲಿ ಕೇಳಿದ ಪ್ರಶ್ನೆ ಇದು: ಮಲಬದ್ಧತೆಯವನಿಗೆ ತಲೆಭಾರ, ಮಂಕು, ಕಿರಿಕಿರಿ ಇರುತ್ತದೆ, ಮಲವಿಸರ್ಜನೆಯಾದ ಕೂಡಲೇ ಅವೆಲ್ಲ ಇಳಿಯುತ್ತವೆ. ಇವು ರಕ್ತಕ್ಕೆ ಸೇರಿದ ವಿಷದಿಂದ ಬಂದಿದ್ದರೆ ಅಷ್ಟು ಬೇಗ ಹೇಗೆ ಹೋದಾವು? ಕುಡಿದವನ ಕೈಯಿಂದ ಬಾಟಲಿಯನ್ನು ಕಿತ್ತುಕೊಂಡರೆ ಅಮಲು ಆ ಕ್ಷಣ ಇಳಿಯುವುದಿಲ್ಲ. ರಕ್ತದಲ್ಲಿರುವ ಮದ್ಯವನ್ನು ಯಕೃತ್ತು ಒಡೆದುಹಾಕಲು ಗಂಟೆಗಳೇ ಬೇಕು. ತೊಟ್ಟಿಗೆ ಬಣ್ಣದ ನೀರು ಬಿಡುವ ನಲ್ಲಿಯನ್ನು ನಿಲ್ಲಿಸಿದೊಡನೆ ತೊಟ್ಟಿಯಲ್ಲಿ ಆಗಲೇ ಇರುವ ಬಣ್ಣ ಮಾಯವಾಗದು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತವೇ: ಧಾರಕವೊಂದು ವಿಸರ್ಜನೆಗೊಳ್ಳಲು ತನ್ನದೇ ಆದ ಕಾಲ ತೆಗೆದುಕೊಳ್ಳುತ್ತದೆ. ಕ್ಷಣದಲ್ಲಿ ಮಾಯವಾಗುವ ಲಕ್ಷಣಕ್ಕೆ ಕಾರಣ ರಾಸಾಯನಿಕವಲ್ಲ, ಯಾಂತ್ರಿಕ. ಹಿಗ್ಗಿದ ಕರುಳು ನರಗಳ ಮೂಲಕ ಮಿದುಳಿಗೆ ಕಳಿಸುವ ಸುದ್ದಿ. 1922ರಲ್ಲಿ ಡೊನಾಲ್ಡ್‌ಸನ್ ಎಂಬವರು ಇದನ್ನು ಪರೀಕ್ಷಿಸಿಯೂ ನೋಡಿದರು. ಆರೋಗ್ಯವಂತ ಸ್ವಯಂಸೇವಕರ ಗುದನಾಳದಲ್ಲಿ ಹತ್ತಿಯನ್ನು ತುರುಕಿದಾಗ ಅದೇ ತಲೆಭಾರ, ಅದೇ ಮಂಕು ಕಾಣಿಸಿಕೊಂಡವು. ಹತ್ತಿಯಿಂದ ಯಾವ ಕೊಳೆತ ವಿಷವೂ ರಕ್ತಕ್ಕೆ ಹೋಗುವುದಿಲ್ಲ. ಪ್ರಯೋಗ ಅಷ್ಟೇನೂ ಸೊಗಸಾದದ್ದಲ್ಲ, ಆದರೆ ನಿರ್ಣಾಯಕವಾದದ್ದು.

ಇನ್ನು ‘ವರ್ಷಗಟ್ಟಲೆ ಅಂಟಿಕೊಂಡ ಮಲ’ದ ಮಾತು. ಕರುಳಿನ ಒಳಗೋಡೆ ಸಿಮೆಂಟಿನ ಕೊಳವೆಯಲ್ಲ. ಅದರ ಮೇಲ್ಪದರದ ಜೀವಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಉದುರಿ ಹೊಸವು ಬರುತ್ತವೆ. ಗೋಡೆಯೇ ವಾರದೊಳಗೆ ಬದಲಾಗುವಾಗ ಅದಕ್ಕೆ ಹತ್ತು ವರ್ಷದ ಕೊಳೆ ಅಂಟಿಕೊಂಡಿರುವುದು ಹೇಗೆ? ಎಕ್ಸ್-ಕಿರಣಕ್ಕೆ ಕಾಣುವ ಸಣ್ಣ ಗುಳಿಗೆಗಳನ್ನು ನುಂಗಿಸಿ ಅವು ಸಾಗುವುದನ್ನು ಅಳೆಯುವ ವಿಧಾನ 1969ರಿಂದ ಬಳಕೆಯಲ್ಲಿದೆ. ಆರೋಗ್ಯವಂತರಲ್ಲಿ ಪ್ರಯಾಣ ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಕೊಲನೋಸ್ಕೊಪಿ ಮಾಡುವ ವೈದ್ಯರು ದಿನವೂ ಕರುಳಿನ ಒಳಗನ್ನು ನೇರವಾಗಿ ನೋಡುತ್ತಾರೆ. ಹಿಂದಿನ ದಿನ ಕುಡಿಸಿದ ಭೇದಿ ದ್ರಾವಣದ ನಂತರ ಅವರಿಗೆ ಕಾಣುವುದು ತಿಳಿಗುಲಾಬಿ ಬಣ್ಣದ, ಹೊಳೆಯುವ ಗೋಡೆ. ಕರಪತ್ರಗಳಲ್ಲಿರುವ ಕಪ್ಪು ಪದರ ಅಲ್ಲಿಲ್ಲ.

ಹಾಗಾದರೆ ಪುಡಿ ಸೇವಿಸಿದವರ ದೇಹದಿಂದ ಹೊರಬರುವ, ಚಿತ್ರ ತೆಗೆದು ತೋರಿಸುವ ಆ ರಬ್ಬರಿನಂಥ ಉದ್ದನೆಯ ವಸ್ತು ಏನು? ಇದನ್ನು ಶಾಲೆಯಲ್ಲೇ ಮಾಡಿ ನೋಡಬಹುದು. ಒಂದು ಲೋಟ ನೀರಿಗೆ ಎರಡು ಚಮಚ ಇಸಬ್ಗೋಲ್ ಹೊಟ್ಟು ಹಾಕಿ ಕಾಲು ಗಂಟೆ ಬಿಡಿ. ಅದು ನೀರನ್ನು ಹೀರಿ ಉಬ್ಬಿ ಲೋಳೆಯಾಗುತ್ತದೆ. ಅದಕ್ಕೆ ಸ್ವಲ್ಪ ಮುಲ್ತಾನಿ ಮಿಟ್ಟಿ ಬೆರೆಸಿದರೆ ಕಂದು ಬಣ್ಣದ ಜಿಗುಟು ಮುದ್ದೆಯಾಗುತ್ತದೆ. ಈ ಮುದ್ದೆಯನ್ನು ಹಳೆಯ ಸೈಕಲ್ ಟ್ಯೂಬಿನ ತುಂಡಿಗೆ ತುಂಬಿ ಹಿಂಡಿದರೆ ಹೊರಬರುವ ಆಕಾರವನ್ನು ವಿದ್ಯಾರ್ಥಿಗಳು ತಾವೇ ಗುರುತಿಸುತ್ತಾರೆ. ‘ಕರುಳು ಶುದ್ಧಿ’ಯ ಹಲವು ಪುಡಿಗಳಲ್ಲಿರುವುದು ಇಸಬ್ಗೋಲ್ ಮತ್ತು ಬೆಂಟೊನೈಟ್ ಜೇಡಿಯೇ. ಹೊರಬಂದದ್ದು ಹಳೆಯ ಕೊಳೆಯಲ್ಲ. ಹಣ ಕೊಟ್ಟು ನುಂಗಿದ ಪುಡಿ. (ಒಣ ಇಸಬ್ಗೋಲನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು, ಗಂಟಲಲ್ಲಿ ಉಬ್ಬಿ ಕಟ್ಟಿಕೊಳ್ಳಬಹುದು.)

‘ಸಿದ್ಧಾಂತ ಏನಾದರೂ ಇರಲಿ, ನನಗೆ ಗುಣವಾಯಿತಲ್ಲ’ ಎನ್ನುವವರಿದ್ದಾರೆ. ಅವರಿಗೆ ಉತ್ತರ ನಮ್ಮ ಚಾಂಪಿಯನ್ ರೀಫ್ಸ್‌ನ ನೆಲದಡಿಯಲ್ಲೇ ಇದೆ. ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳು ನೆಲದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಸುರಿಯುತ್ತಿರುತ್ತವೆ. ಅಂಗೈ ಚಾಚಿದರೆ ನಿಮಿಷಕ್ಕೆ ನೂರರಷ್ಟು. ಈ ಗದ್ದಲದಲ್ಲಿ ನ್ಯೂಟ್ರಿನೋ ಉಂಟುಮಾಡುವ ಅಪರೂಪದ ಒಂದು ಘಟನೆಯನ್ನು ಗುರುತಿಸುವುದು ಅಸಾಧ್ಯ. ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಈ ಗಣಿಗಳಲ್ಲಿ ಬೇರೆ ಬೇರೆ ಆಳದಲ್ಲಿ ಮ್ಯೂಆನ್‌ಗಳನ್ನು ಎಣಿಸಿದರು. ಮುಂದೆ ಅತಿ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದು ಎಣಿಕೆಯೂ ಬಾರದ ಜಾಗ ಸಿಕ್ಕಿತು. ಹಿನ್ನೆಲೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ 2.3 ಕಿ.ಮೀ. ಆಳದಲ್ಲಿ ಉಪಕರಣಗಳನ್ನಿಟ್ಟು, 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಒಸಾಕಾ ಮತ್ತು ಡರಮ್ ವಿಶ್ವವಿದ್ಯಾಲಯಗಳ ತಂಡ ಪತ್ತೆಮಾಡಿತು.

ತಲೆನೋವು, ಕೀಲುನೋವು, ಆಯಾಸ, ಕಜ್ಜಿ ಇವು ತಾವಾಗಿ ಏರಿ ಇಳಿಯುವ ತೊಂದರೆಗಳು. ನೋವು ತುತ್ತತುದಿಯಲ್ಲಿದ್ದಾಗಲೇ ನಾವು ಚಿಕಿತ್ಸೆ ಹುಡುಕುತ್ತೇವೆ; ಆಮೇಲೆ ಏನು ಮಾಡಿದರೂ, ಏನೂ ಮಾಡದಿದ್ದರೂ, ಅದು ಇಳಿಯುವ ಸಂಭವವೇ ಹೆಚ್ಚು. ಜೊತೆಗೆ ಕರುಳು ತೊಳೆಸಿಕೊಳ್ಳುವ ಹತ್ತು ದಿನ ಕರಿದದ್ದಿಲ್ಲ, ಮದ್ಯವಿಲ್ಲ, ನಿದ್ದೆ ಸರಿಯಾಗಿ ಆಗುತ್ತದೆ, ಯಾರೋ ಒಬ್ಬರು ನಮ್ಮ ಕಷ್ಟವನ್ನು ಕೂತು ಕೇಳುತ್ತಾರೆ. ಇವೆಲ್ಲ ಹಿನ್ನೆಲೆ. ಇದನ್ನು ಕಳೆಯದೆ ‘ಗುಣವಾಯಿತು’ ಎಂದು ಎಣಿಸುವುದು, ಚಾಂಪಿಯನ್ ರೀಫ್ಸ್‌ನ ಬಯಲಿನಲ್ಲಿ ಉಪಕರಣವಿಟ್ಟು ಬಡಿದ ಪ್ರತಿ ಕಣವನ್ನೂ ನ್ಯೂಟ್ರಿನೋ ಎಂದು ಬರೆದುಕೊಂಡಂತೆ. ಹಿನ್ನೆಲೆ ಕಳೆದ ಮೇಲೂ ಜಾಗ್ರತೆ ಬೇಕು. 1980ರ ದಶಕದ ಆರಂಭದಲ್ಲಿ ಇದೇ ಗಣಿಯ ಪ್ರಯೋಗದಲ್ಲಿ ಪ್ರೋಟಾನ್ ಕ್ಷಯವಿರಬಹುದಾದ ಕೆಲವು ಘಟನೆಗಳು ವರದಿಯಾದವು. ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಿಗೆ ಅವು ಕಾಣಲಿಲ್ಲ. ಪ್ರೋಟಾನ್ ಕ್ಷಯ ಈವರೆಗೂ ಸಿದ್ಧವಾಗಿಲ್ಲ. ವರದಿ ಮಾಡಿದವರು ನುರಿತವರು, ಪ್ರಾಮಾಣಿಕರು. ಆದರೂ ಬೇರೊಬ್ಬರ ಅಳತೆ ಒಪ್ಪುವವರೆಗೆ ಅದು ‘ಇರಬಹುದಾದ ಘಟನೆ’ಯಾಗಿಯೇ ಉಳಿಯಿತು. ಕರುಳು ತೊಳೆಯುವವರು ತಮ್ಮ ಅಳತೆಯನ್ನು ಇಂಥ ಪರೀಕ್ಷೆಗೆ ಒಡ್ಡಿದ್ದನ್ನು ನಾನು ಕಂಡಿಲ್ಲ.

ಕರುಳಿಗೂ ಉಳಿದ ದೇಹಕ್ಕೂ ಸಂಬಂಧವೇ ಇಲ್ಲವೆಂದು ಇದರ ಅರ್ಥವಲ್ಲ. ಯಕೃತ್ತು ಪೂರ್ತಿ ಕೆಟ್ಟವರಲ್ಲಿ ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಉತ್ಪಾದಿಸುವ ಅಮೋನಿಯ ಮಿದುಳಿನವರೆಗೂ ಹೋಗಿ ಮಂಕು, ಎಚ್ಚರತಪ್ಪುವಿಕೆ ಉಂಟಾಗುತ್ತದೆ. ಲ್ಯಾಕ್ಟುಲೋಸ್ ಎಂಬ ಔಷಧ ಕೊಟ್ಟು ಅದನ್ನು ತಗ್ಗಿಸುತ್ತಾರೆ. ಕರುಳಿನಿಂದ ಬರುವ ರಕ್ತ ಮೊದಲು ಯಕೃತ್ತನ್ನು ಹಾದುಹೋಗುವಂತೆ ದೇಹದ ರಚನೆಯಿದೆ. ಆ ಕಾವಲು ಬಿದ್ದಾಗ ಮಾತ್ರ ಈ ಸ್ಥಿತಿ. ಅಲ್ಸರೇಟಿವ್ ಕೊಲೈಟಿಸ್ ಇರುವ ಕೆಲವರಲ್ಲಿ ಕೀಲು, ಕಣ್ಣುಗಳಲ್ಲೂ ಉರಿಯೂತ ಕಾಣಿಸುತ್ತದೆ. ಪ್ರತಿಜೈವಿಕಗಳ ಬಳಕೆಯಿಂದ ಕರುಳಿನ ಜೀವಿಗಳು ನಾಶವಾಗಿ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ಬ್ಯಾಕ್ಟೀರಿಯ ಪದೇ ಪದೇ ಭೇದಿ ತರುತ್ತಿದ್ದವರಿಗೆ, ಆರೋಗ್ಯವಂತರ ಮಲದ ದ್ರಾವಣ ಕೊಟ್ಟು ನೆದರ್ಲೆಂಡ್ಸ್‌ನಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಒಂದೇ ಸಲಕ್ಕೆ 16ರಲ್ಲಿ 13 ಮಂದಿ ಗುಣವಾದರು. ರೂಢಿಯ ಔಷಧ ಪಡೆದವರಲ್ಲಿ 13ಕ್ಕೆ 4 ಮಂದಿ. ಹೋಲಿಕೆಗೆ ಇನ್ನೊಂದು ಗುಂಪು ಇತ್ತೆಂಬುದನ್ನು ಗಮನಿಸಿ. ಇಲ್ಲಿ ಚಿಕಿತ್ಸೆಯಾದದ್ದು ಕರುಳಿನ ಜೀವಿಗಳನ್ನು ತೊಳೆದು ಹಾಕಿಯಲ್ಲ, ತುಂಬಿಸಿ. ಈ ಜೀವಿಗಳ ಕುರಿತ ಅಂಕಿಗಳಲ್ಲೂ ಉತ್ಪ್ರೇಕ್ಷೆಯಿದೆ. ‘ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು’ ಎಂದು ಪಠ್ಯಗಳಲ್ಲೂ ಸೇರಿತ್ತು. 2016ರಲ್ಲಿ ಸೆಂಡರ್, ಫುಕ್ಸ್, ಮಿಲೊ ಮತ್ತೆ ಲೆಕ್ಕಹಾಕಿದಾಗ ಎರಡೂ ಸರಿಸುಮಾರು ಸಮವೆಂದೂ, ಬ್ಯಾಕ್ಟೀರಿಯಗಳ ಒಟ್ಟು ತೂಕ ಸುಮಾರು 200 ಗ್ರಾಂ ಎಂದೂ ತಿಳಿಯಿತು.

ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಅನೇಕರಿಗೆ ವರ್ಷಗಳ ಮೊದಲೇ ಮಲಬದ್ಧತೆ ಇರುತ್ತದೆ. ಮಲಬದ್ಧತೆ ರೋಗದ ಕಾರಣವೋ, ರೋಗದ ಮೊದಲ ಲಕ್ಷಣವೋ ಎಂಬುದು ಸಂಶೋಧಕರ ಮುಂದಿರುವ ಪ್ರಶ್ನೆ. ಕರಪತ್ರದವರಿಗೆ ಮಾತ್ರ ಉತ್ತರ ಆಗಲೇ ಸಿಕ್ಕಿದೆ.

ನಮ್ಮ ಜಿಲ್ಲೆಯಲ್ಲಿ ಈ ಪ್ರಚಾರ ಕೇವಲ ಹಣದ ನಷ್ಟವಲ್ಲ. 2001ರಲ್ಲಿ ಮುಚ್ಚಿದ ಈ ಗಣಿಗಳಲ್ಲಿ ಕಲ್ಲು ಕೊರೆದವರ ಶ್ವಾಸಕೋಶಕ್ಕೆ ಹೋದದ್ದು ಸಿಲಿಕಾ ದೂಳು. ನಮ್ಮ ದೇಶದ ಸಿಲಿಕೋಸಿಸ್‌ನ ಮೊದಲ ವರದಿಗಳು ಬಂದದ್ದೇ 1940ರ ದಶಕದಲ್ಲಿ, ಕೋಲಾರದ ಗಣಿಗಳಿಂದ. ಅಂಥ ಹಳೆಯ ಕಾರ್ಮಿಕನ ಉಬ್ಬಸಕ್ಕೆ ಕರುಳನ್ನು ದೂರುವುದು ಅವನಿಗೆ ಮಾಡುವ ಅನ್ಯಾಯ. ಅವನಿಗೆ ಬೇಕಾದದ್ದು ಎದೆಯ ಎಕ್ಸ್-ಕಿರಣ ಚಿತ್ರ, ಜೊತೆಗೆ ಕ್ಷಯದ ಪರೀಕ್ಷೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಸುಲಭವಾಗಿ ತಗಲುತ್ತದೆ. ಇನ್ನು ಮಂಡಿ, ಬೆನ್ನು ಬಿಗಿದು ಬಗ್ಗಲಾಗದವರು. ಕೋಲಾರ ಜಿಲ್ಲೆಯ ಹಲವೆಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಫ್ಲೋರೈಡ್ ಹೀರಿಕೆಯಾಗುವುದು ಜಠರ ಮತ್ತು ಸಣ್ಣ ಕರುಳಿನಲ್ಲಿ. ದೇಹದಲ್ಲಿ ಉಳಿದದ್ದರಲ್ಲಿ ನೂರಕ್ಕೆ 99ರಷ್ಟು ಸೇರುವುದು ಮೂಳೆ, ಹಲ್ಲುಗಳಿಗೆ. ದೊಡ್ಡ ಕರುಳನ್ನು ಎಷ್ಟು ತೊಳೆದರೂ ಮೂಳೆಯ ಫ್ಲೋರೈಡ್ ಕದಲುವುದಿಲ್ಲ. ಕುಡಿಯುವ ನೀರಿನ ಮಾದರಿಯನ್ನು ಪರೀಕ್ಷೆಗೆ ಕಳಿಸುವ ಕೆಲಸವನ್ನು ಪ್ರೌಢಶಾಲೆಯ ವಿಜ್ಞಾನ ಸಂಘವೇ ಮಾಡಬಹುದು.

ತೊಳೆಯುವುದು ನಿರಪಾಯವೂ ಅಲ್ಲ. ಹೆಚ್ಚು ನೀರು ಹೀರಿಕೆಯಾದರೆ ರಕ್ತದ ಸೋಡಿಯಂ ಇಳಿಯಬಹುದು. ಕೊಳವೆ ಚುಚ್ಚಿ ಕರುಳು ತೂತಾದದ್ದುಂಟು. ಅಮೆರಿಕದ ಕೊಲರಾಡೊದಲ್ಲಿ 1978ರಿಂದ 1980ರವರೆಗೆ ಒಂದೇ ಚಿಕಿತ್ಸಾಲಯದ ಶುಚಿಯಿಲ್ಲದ ಉಪಕರಣದಿಂದ 36 ಮಂದಿಗೆ ಅಮೀಬಾ ಸೋಂಕು ತಗಲಿತು. ಹತ್ತು ಮಂದಿಯ ದೊಡ್ಡ ಕರುಳನ್ನೇ ತೆಗೆಯಬೇಕಾಯಿತು, ಕೆಲವರು ಸತ್ತರು. ಇದಕ್ಕಿಂತ ಸಾಮಾನ್ಯವಾದ ಅಪಾಯ ತಡವಾಗುವುದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ ಇವು ದೊಡ್ಡ ಕರುಳಿನ ಕ್ಯಾನ್ಸರಿನ ಸೂಚನೆಗಳಿರಬಹುದು. ಅದು ಗೋಡೆಗೆ ಅಂಟಿದ ಕೊಳೆಯಲ್ಲ, ಗೋಡೆಯಲ್ಲೇ ಬೆಳೆದ ಗೆಡ್ಡೆ; ನೀರಿಗೆ ಹೋಗುವುದಿಲ್ಲ. ಮೂಲವ್ಯಾಧಿಯೆಂದುಕೊಂಡು ಆರು ತಿಂಗಳು ಪುಡಿ ನುಂಗಿದವನು ಶಸ್ತ್ರವೈದ್ಯರ ಬಳಿಗೆ ಬರುವ ಹೊತ್ತಿಗೆ ಅದು ಕರುಳನ್ನು ದಾಟಿ ಯಕೃತ್ತಿಗೆ ತಲುಪಿರಬಹುದು.