ಕಿರುಲೇಖನದ ಹಿರಿಮೆ

ವಿದ್ವತ್ತನ್ನು ಲೇಖನಗಳ ಸಂಖ್ಯೆಯಿಂದ ಅಳೆಯುವ ಈ ಕಾಲದಲ್ಲಿ, 1928ರ ಮಾರ್ಚ್ 31ರ 'ನೇಚರ್' ಪತ್ರಿಕೆಯಲ್ಲಿ ಸಿ.ವಿ. ರಾಮನ್ ಹಾಗೂ ಕೆ.ಎಸ್. ಕೃಷ್ಣನ್ ಪ್ರಕಟಿಸಿದ ಟಿಪ್ಪಣಿಯನ್ನು ನಾವು ಮತ್ತೊಮ್ಮೆ ಓದಬೇಕು. ದ್ರವದಲ್ಲಿ ಚದರಿದ ಬೆಳಕು ಬಣ್ಣ ಬದಲಿಸುವುದನ್ನು ಅದು ಕೆಲವೇ ಪ್ಯಾರಾಗಳಲ್ಲಿ ತಿಳಿಸುತ್ತದೆ. ಬಿಸಿಲು, 18 ಸೆಂಟಿಮೀಟರ್ ಅಗಲದ ದೂರದರ್ಶಕ ಮಸೂರ, ಬಣ್ಣದ ಫಿಲ್ಟರುಗಳು—ಬಳಸಿದ್ದನ್ನೆಲ್ಲ ಬಿಚ್ಚಿ ಹೇಳಿದೆ. ಸುಮಾರು 60 ದ್ರವಗಳ ಪರೀಕ್ಷೆ ಒಂದೇ ವಾಕ್ಯದಲ್ಲಿ ಮುಗಿದಿದೆ. ಕಾರಣದ ವಿವರಣೆ ತೆಳುವಾಗಿರುವುದು ಕೊರತೆಯೇ ಸರಿ. ಆದರೂ ಓದಿದವರು ತಾವೇ ಮಾಡಿ ನೋಡುವಂತಿತ್ತು. ಅದೇ ಅದರ ಹಿರಿಮೆ. ಪಿಎಚ್.ಡಿ.ಗಾಗಿ ಶ್ರಮಿಸುವ ನಮ್ಮ ಮನೆಮಕ್ಕಳು ಇದನ್ನು ಗಮನಿಸಲಿ. ಎಷ್ಟು ಬರೆದೆವೆಂಬುದಕ್ಕಿಂತ, ಇನ್ನೊಬ್ಬರು ಪರೀಕ್ಷಿಸಬಲ್ಲಂತೆ ಬರೆದೆವೇ ಎಂಬುದೇ ಮುಖ್ಯ.